ಗಣಕಯಂತ್ರವೂ ಹಾಸಿನ ಕೆಲಸವೂ



ಗಣಕಯಂತ್ರದ ವರ್ಗವು ಆರಂಭವಾಗಿ ಹದಿನೈದು ದಿನಗಳಾದರೂ ತಮ್ಮ ಮಗಳು ಒಂದು ಪ್ರೋಗ್ರಾಮನ್ನಾದರೂ ಬರೆದಿಲ್ಲವೆಂದು ಕೆಲವು ಪಾಲಕರು ನನ್ನಲ್ಲಿ ಆಕ್ಷೇಪಿಸಿರುವರು. ಅವರಲ್ಲಿ ರಬಕವಿ-ಬನಹಟ್ಟಿಯ ನೇಕಾರ ಗೃಹಸ್ಥರೂ ಇದ್ದದ್ದು ನನಗೆ ಸೋಜಿಗವೆನಿಸಿತು. ಹಾಸು ಸಿದ್ಧವಾಗದೆ ಲಾಳಿ ಓಡದೆಂಬುದನ್ನು ಅವರಿಗೆ ನಾನು ಹೇಳಬೇಕೆ? ಎಳೆಗಳನ್ನು ಎಣಿಸಿ ಹಣಿಗೆಯಲ್ಲಿ ತೂರಿಸುವ ಹೊತ್ತಿನಲ್ಲಿ ಒಂದು ಗೇಣು ಬಟ್ಟೆಯೂ ಹುಟ್ಟುವದಿಲ್ಲ. ಆದರೂ ಆ ಹೊತ್ತನ್ನು ಯಾವ ನೇಕಾರನೂ ವ್ಯರ್ಥವೆಂದೆಣಿಸುವದಿಲ್ಲ.

ಈ ಹೋಲಿಕೆಯು ಬರಿಯ ಕಲ್ಪನೆಯಲ್ಲ. 1804ರ ಸುಮಾರಿಗೆ ಫ್ರಾನ್ಸ ದೇಶದ ಜಕಾರ್ಡನು ರಂಧ್ರ ಕೊರೆದ ರಟ್ಟಿನ ಪಟ್ಟಿಗಳಿಂದ ಮಗ್ಗದ ಚಿತ್ತಾರವನ್ನು ನಡೆಯಿಸಿದನು. ಅದೇ ಉಪಾಯವನ್ನು ಇಂಗ್ಲಂಡದ ಬ್ಯಾಬೇಜನು ತನ್ನ ಲೆಕ್ಕದ ಯಂತ್ರದ ಯೋಜನೆಗೆ ತೆಗೆದುಕೊಂಡನು. ಆ ಯಂತ್ರವು ಹಂತಹಂತವಾಗಿ ಹೇಗೆ ಲೆಕ್ಕ ಮಾಡಬೇಕೆಂಬುದನ್ನು 1843ರಲ್ಲಿ ಬರೆದು ಪ್ರಕಟಿಸಿದವಳು ಏಡಾ ಲವ್‌ಲೇಸ್ ಎಂಬ ಸ್ತ್ರೀ. ಇದನ್ನು ನಮ್ಮ ಹುಡುಗಿಯರಿಗೆ ಹೇಳುವಾಗ ನನಗಾಗುವ ಸಂತೋಷವನ್ನು ಮರೆಮಾಡಲಾರೆನು.

ಮೊದಲ ಹದಿನೈದು ದಿನಗಳಲ್ಲಿ ಹುಡುಗಿಯರು ಪೈಥಾನ್ ಭಾಷೆಯನ್ನೂ ಬರೆಯುವದಕ್ಕೆ ತಕ್ಕ ಎಡಿಟರನ್ನೂ ಯಂತ್ರದಲ್ಲಿ ತಾವೇ ಸ್ಥಾಪಿಸುವರು. ಎರಡೂ ಹಣ ತೆರದೆ ದೊರೆಯತಕ್ಕವು. ಯಾವ ಆವೃತ್ತಿಯೆಂಬುದನ್ನು ವಹಿಯಲ್ಲಿ ಬರೆದಿಡುವರು. ಬೇರೊಂದು ಯಂತ್ರದಲ್ಲಿ ತೆರೆದಾಗ ಕನ್ನಡವು ಕೆಟ್ಟು ಕಾಣದಂತೆ ಯುನಿಕೋಡಿನಲ್ಲಿ ಉಳಿಸುವದನ್ನು ಕಲಿಯುವರು.

ಇದರ ಬೆಲೆಯನ್ನು ನಾವು ಪೆಟ್ಟು ತಿಂದೇ ಅರಿತೆವು. ಬೀಳಗಿಯ ಕಡೆಯ ಜಾಣೆಯೊಬ್ಬಳು, ಶಾಲೆಯ ಗ್ರಂಥಾಲಯದಿಂದ ಒಯ್ದ ಪುಸ್ತಕವು ಎಷ್ಟು ದಿನ ತಡವಾಯಿತೆಂದು ಎಣಿಸುವ ಪ್ರೋಗ್ರಾಮನ್ನು ರಚಿಸಿದಳು. ದಿನಾಂಕಗಳಿಗೆಲ್ಲ ‘ಎ’, ‘ಬಿ’, ‘ಬಿ-ಎರಡು’ ಎಂದು ಹೆಸರು. ವಿವರಣೆಯ ಸಾಲು ಒಂದೂ ಇಲ್ಲ. ತಂದೆಗೆ ಬೇರೆ ಊರಿನಲ್ಲಿ ಕೆಲಸವಾಗಿ ಆಕೆ ನಡುವರ್ಷದಲ್ಲಿಯೇ ಶಾಲೆ ಬಿಟ್ಟಳು. ಮರುವಾರ ಲೆಕ್ಕ ತಪ್ಪಿತು. ಉಳಿದವರು ಎಂಟು ದಿನ ತಿಣುಕಿ, ಕೊನೆಗೆ ಎಲ್ಲವನ್ನೂ ಹೊಸದಾಗಿ ಬರೆದರು. ತಪ್ಪು ಆ ಮಗುವಿನದಲ್ಲ. ಉತ್ತರ ಬಂದೊಡನೆ ಹೊಗಳಿದೆವೇ ಹೊರತು ಆಕೆ ಬರೆದದ್ದನ್ನು ನಾವು ಓದಿ ನೋಡಲಿಲ್ಲ. ಬಂಡೆಯ ಮೇಲೆ ಮನೆ ಕಟ್ಟಿದವನ ಸಾಮ್ಯವನ್ನು ಎಷ್ಟೋ ಸಾರೆ ಬೋಧಿಸಿದ ನಾನೇ ಅದನ್ನು ಮರೆತಿದ್ದೆನು.

ಈಗ ಅದೇ ಹೆಸರು ‘ತಡವಾದ_ದಿನಗಳು’ ಎಂದಾಗಿದೆ. 2008ರಲ್ಲಿ ಹೊರಟ ಪೈಥಾನಿನ ಮೂರನೆಯ ಆವೃತ್ತಿಯು ಕನ್ನಡ ಅಕ್ಷರದ ಹೆಸರುಗಳನ್ನು ಒಪ್ಪುವದು. ಉದ್ಯೋಗದಲ್ಲಿ ಇಂಗ್ಲಿಷ್ ಹೆಸರುಗಳೇ ರೂಢಿಯಾದ್ದರಿಂದ ಅದನ್ನೂ ಕಲಿಸುವೆವು. ಆದರೆ ಹೀಗೇಕೆ ಮಾಡಿದೆನೆಂಬ ಟಿಪ್ಪಣಿಯನ್ನು ಹುಡುಗಿಯು ಮೊದಲು ತಾಯ್ನುಡಿಯಲ್ಲಿಯೇ ಬರೆಯಬೇಕೆಂಬುದು ನನ್ನ ದೃಢವಾದ ಮತ. ದಿನದ ಕೆಲಸ ಮುಗಿದ ಬಳಿಕ ಏನನ್ನು ಬದಲಿಸಿದೆನೆಂಬುದನ್ನು ತನ್ನ ಹೆಸರಿನೊಡನೆ ಗಿಟ್ ಎಂಬ ಸಾಧನದಲ್ಲಿ ದಾಖಲಿಸುವಳು. ಗಿಟ್ ಹುಟ್ಟಿದ್ದು 2005ರಲ್ಲಿ.

ಪಾಲಕರು ಮನೆಗೆ ಯಂತ್ರವನ್ನು ಕೊಳ್ಳಲೇಬೇಕೆಂದು ನಾನು ಹೇಳುವದಿಲ್ಲ. ಮುಧೋಳದ ಕಡೆಯ ಹಳ್ಳಿಗಳಿಂದ ಜಮಖಂಡಿಗೆ ಬರುವ ಹುಡುಗಿಯರು ವಾರಕ್ಕೆ ಎರಡು ಸಂಜೆ ಒಂದು ಬಸ್ಸು ತಡವಾಗಿ ಮನೆಗೆ ಬಂದರೆ ಸಿಟ್ಟಾಗಬೇಡಿರಿ. ಬೆಂಗಳೂರು, ಪುಣೆಗಳಲ್ಲಿ ಇದೇ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ರಜೆಗೆ ಊರಿಗೆ ಬಂದಾಗ ಒಂದು ಮಧ್ಯಾಹ್ನ ಶಾಲೆಗೆ ಬರಲಿ. ಭಾಷಣ ಬೇಡ. ಒಬ್ಬ ಹುಡುಗಿಯ ಪಕ್ಕದಲ್ಲಿ ಕುಳಿತು, ಆಕೆ ಬರೆದದ್ದನ್ನು ಸಾಲುಸಾಲಾಗಿ ಓದಿ, ಅರ್ಥವಾಗದಲ್ಲಿ ಅರ್ಥವಾಗಲಿಲ್ಲವೆಂದು ಹೇಳಿರಿ.