ಸಂಕೋಚದ ವಯಸ್ಸಿನ ಭಾವಚಿತ್ರ

ಮೊದಲ ಹಲ್ಲಿಗೆ ಹತ್ತು ಚಿತ್ರ, ಮೀಸೆ ಮೊಳೆಯುವ ವಯಸ್ಸಿಗೆ ಒಂದೂ ಇಲ್ಲ! ಅನೇಕ ಮನೆಗಳ ಆಲ್ಬಮ್ಮಿನ ಸ್ಥಿತಿ ಇದು. 12 ದಾಟಿದ ಮಗ ಕ್ಯಾಮರಾ ಕಂಡೊಡನೆ ಮುಖ ತಿರುಗಿಸುತ್ತಾನೆ. ಮಗಳು ಮೊಡವೆಯನ್ನು ಅಂಗೈಯಿಂದ ಮರೆಮಾಡುತ್ತಾಳೆ. ‘ನಗು’ ಎಂದು ಗದರಿಸಿದರೆ ಕಾಣುವುದು ಹಲ್ಲೇ ಹೊರತು ನಗೆಯಲ್ಲ.

ಇಂಥವರ ಚಿತ್ರ ತೆಗೆಯುವ ಮುನ್ನ ಅವರ ಒಪ್ಪಿಗೆ ಪಡೆಯಬೇಕು. ಆಮೇಲೆ ಅವರ ಕೈಗೊಂದು ಕೆಲಸವಿರಲಿ: ಕಳಚಿದ ಸೈಕಲ್ ಚೈನು, ಶ್ರುತಿ ಮಾಡಬೇಕಾದ ವೀಣೆ. ಕೈ ಕೆಲಸದಲ್ಲಿ ತೊಡಗಿದರೆ ಮುಖದ ಬಿಗಿ ಸಡಿಲುತ್ತದೆ. ನಡುಹಗಲಿನ ಬಿಸಿಲು ಕಣ್ಣಿನ ಕುಳಿಗಳಲ್ಲಿ ನೆರಳು ತುಂಬುತ್ತದೆ. ಕಿಟಕಿಯ ಬೆಳಕು ಮೃದುವಾದುದು. ಮೊಬೈಲನ್ನು ಮುಖಕ್ಕೆ ತೀರ ಹತ್ತಿರ ಹಿಡಿದರೆ ಮೂಗು ದಪ್ಪವಾಗಿ ಕಾಣುತ್ತದೆ. ಐದಾರು ಅಡಿ ಹಿಂದೆ ಸರಿದು, ಅವರ ಕಣ್ಣಿನ ಮಟ್ಟದಲ್ಲಿ ಹಿಡಿಯುವುದು ಲೇಸು.

ಸಂಕೋಚ ಪೂರ್ತಿ ಅಳಿಯದಿದ್ದರೂ ಚಿಂತೆಯಿಲ್ಲ. ನೆದರ್ಲೆಂಡ್ಸಿನ ಛಾಯಾಗ್ರಾಹಕಿ ರಿನೇಕೆ ಡೈಕ್‌ಸ್ಟ್ರಾ 1992ರಿಂದ ಕಡಲತೀರಗಳಲ್ಲಿ ತೆಗೆದ ಹದಿಹರೆಯದವರ ಚಿತ್ರಗಳಿಗೆ ಆ ಸಂಕೋಚವೇ ಜೀವ.

ಕೊನೆಯದಾಗಿ, ತೆಗೆದುದನ್ನು ಅವರಿಗೇ ಮೊದಲು ತೋರಿಸಬೇಕು, ಬೇಡವೆಂದುದನ್ನು ಅಳಿಸಿಬಿಡಬೇಕು. ಈ ಒಂದು ಮಾತನ್ನು ಉಳಿಸಿಕೊಂಡ ತಂದೆಯ ಕಡೆಗೆ ಮುಂದಿನ ಸಲ ಮಗನ ಮುಖ ತಾನಾಗಿ ತಿರುಗೀತು.