ಹಳೆಯ ಪೋಸ್ಟ್ ಕಂಡಾಗ ಮುಜುಗರ ಯಾಕೆ? ಡಿಲೀಟ್ ಮಾಡಿದರೆ ಅದು ಹೋಗಿಬಿಡುತ್ತದೆಯೇ?

ಕಳೆದ ತಿಂಗಳು ಆಫೀಸಿನಲ್ಲಿ ಮಧ್ಯಾಹ್ನದ ಟೀ ಹೊತ್ತಿಗೆ ಒಬ್ಬರ ಫೋನಿಗೆ ಫೇಸ್‌ಬುಕ್‌ನಿಂದ '14 ವರ್ಷಗಳ ಹಿಂದೆ ಈ ದಿನ' ಎಂಬ ಸೂಚನೆ ಬಂತು. ತೆರೆದರೆ ಅವರ ಮೊಟ್ಟಮೊದಲ ಪೋಸ್ಟ್: "ಹಾಯ್ ಫ್ರೆಂಡ್ಸ್, ಊಟ ಆಯ್ತಾ?" ಅದೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. ಜೊತೆಗೆ ಎಲ್ಲಿಂದಲೋ ತಂದು ಅಂಟಿಸಿದ ಗುಲಾಬಿ ಹೂವು. ಅಲ್ಲಿಂದ ಅದೇ ಒಂದು ಆಟವಾಯಿತು. ಇದ್ದ ಐದಾರು ಜನರೂ ತಮ್ಮ ತಮ್ಮ ಮೊದಲ ಪೋಸ್ಟ್‌ಗಳನ್ನು ಹುಡುಕತೊಡಗಿದೆವು. ಒಬ್ಬರದು ಕಪ್ಪು ಕನ್ನಡಕ ಹಾಕಿ ಬೇರೆ ಯಾರದೋ ಬೈಕಿನ ಮೇಲೆ ಕೂತ ಫೋಟೊ. ಇನ್ನೊಬ್ಬರದು ಯಾರಿಗೆ ಹೇಳಿದ್ದೆಂದು ಅವರಿಗೂ ಈಗ ನೆನಪಿಲ್ಲದ "ಕೆಲವರು ಬದಲಾಗಿಬಿಡ್ತಾರೆ" ಎಂಬ ಸಾಲು.

ನಗುನಗುತ್ತಲೇ ಇದ್ದಾಗ ಒಬ್ಬರು ಸುಮ್ಮನಾದರು. ಅವರ ಹಳೆಯ ಪೋಸ್ಟ್ ಗಾಡಿ ಓಡಿಸುವ ಹೆಂಗಸರ ಬಗ್ಗೆ ಒಂದು ಕೀಳು ಜೋಕ್. "ಇದು ನಾನೇನಾ?" ಎಂದು ಎರಡು ಸಲ ಕೇಳಿದರು. ಅಲ್ಲೇ ಕೂತು ಆ ವರ್ಷದ ಮೂವತ್ತು ಪೋಸ್ಟ್‌ಗಳನ್ನು ಅಳಿಸಿದರು. ಪಕ್ಕದಲ್ಲಿದ್ದ ಇನ್ನೊಬ್ಬ ಸಹೋದ್ಯೋಗಿಯೂ ಅಳಿಸಲು ಹೊರಟವರು ಒಂದು ಫೋಟೊದ ಬಳಿ ನಿಂತುಬಿಟ್ಟರು. ಕೆಳಗೆ ತೀರಿಹೋದ ಅವರ ತಂದೆಯ ಕಾಮೆಂಟ್ ಇತ್ತು: "ಚೆನ್ನಾಗಿದೆ ಮಗಳೇ. ಅಮ್ಮನಿಗೆ ಫೋನ್ ಮಾಡು."

"ಇದು ನಾನೇನಾ?" ಎಂಬ ಪ್ರಶ್ನೆಗೆ ಮನಶ್ಶಾಸ್ತ್ರದಲ್ಲಿ ಸ್ವಲ್ಪ ಉತ್ತರವಿದೆ.

ಹಳೆಯ ಪೋಸ್ಟ್ ಕಂಡು ಮುಜುಗರವಾದರೆ ನೀವು ಬೆಳೆದಿದ್ದೀರಿ ಎಂದರ್ಥ ಎಂಬ ಸಮಾಧಾನದ ಮಾತನ್ನು ಎಲ್ಲರೂ ಕೇಳಿರುತ್ತೀರಿ. ಅದು ಅರ್ಧ ಮಾತ್ರ ನಿಜ. ಕೆನಡಾದ ಆನ್ ವಿಲ್ಸನ್ ಮತ್ತು ಮೈಕೇಲ್ ರಾಸ್ 2001ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಜನ ತಮ್ಮ ಹಿಂದಿನ ರೂಪವನ್ನು ಈಗಿನದ್ದಕ್ಕಿಂತ ಕಡಿಮೆಯದೆಂದು ಅಂದಾಜಿಸುವುದು ಕಂಡುಬಂತು. ಆಗಿಂದಾಗಲೇ ಕೇಳಿ ದಾಖಲಿಸಿದ್ದ ಉತ್ತರಗಳಲ್ಲಿ ಯಾವ ಸುಧಾರಣೆ ಇಲ್ಲದಿದ್ದರೂ "ನಾನು ಆಗಿಗಿಂತ ಈಗ ವಾಸಿ" ಎಂದೇ ಹೇಳುತ್ತಿದ್ದರು. ಹಳೆಯ 'ನಾನು' ದೂರದವನಂತೆ ಕಂಡಷ್ಟೂ ಅವನನ್ನು ಟೀಕಿಸುವುದು ಸುಲಭ. ಅವನು ಹತ್ತಿರದವನೆನಿಸಿದರೆ ಹೊಗಳುತ್ತೇವೆ. ಅಂದರೆ ಕಪ್ಪು ಕನ್ನಡಕದ ಹುಡುಗನನ್ನು ಕಂಡು ನಗುವುದರಲ್ಲಿ ಈಗಿನ ನಮ್ಮ ಬೆನ್ನನ್ನು ನಾವೇ ತಟ್ಟಿಕೊಳ್ಳುವ ಕೆಲಸವೂ ಸೇರಿದೆ.

ಜೋಕಿನ ವಿಚಾರ ಇದಕ್ಕಿಂತ ಆಳದ್ದು. ಅಮೆರಿಕದ ಗ್ರೆಗರಿ ಮಾರ್ಕಸ್ 1986ರಲ್ಲಿ ಒಂದು ಕುತೂಹಲದ ಹೋಲಿಕೆ ಪ್ರಕಟಿಸಿದರು. 1973ರಲ್ಲಿ ಒಂದಷ್ಟು ಜನರನ್ನು ಕೆಲವು ಸಾಮಾಜಿಕ, ರಾಜಕೀಯ ವಿಷಯಗಳ ಬಗ್ಗೆ ಕೇಳಲಾಗಿತ್ತು. 1982ರಲ್ಲಿ ಅವರನ್ನೇ ಮತ್ತೆ ಕೇಳಿ, "ಒಂಬತ್ತು ವರ್ಷದ ಹಿಂದೆ ನಿಮ್ಮ ಅಭಿಪ್ರಾಯ ಏನಿತ್ತು?" ಎಂದೂ ವಿಚಾರಿಸಲಾಯಿತು. ಜನ ನೆನಪಿಸಿಕೊಂಡ ಹಳೆಯ ಅಭಿಪ್ರಾಯ 1973ರಲ್ಲಿ ಅವರೇ ಕೊಟ್ಟ ಉತ್ತರಕ್ಕಿಂತ 1982ರ ಉತ್ತರಕ್ಕೇ ಹತ್ತಿರವಾಗಿತ್ತು. ಅವರು ಸುಳ್ಳು ಹೇಳಿದ್ದಲ್ಲ. ನೆನಪು ಕಪಾಟಿನಲ್ಲಿಟ್ಟ ಫೈಲಿನಂತೆ ಇರುವುದಿಲ್ಲ, ಪ್ರತಿ ಸಲ ತೆಗೆದಾಗಲೂ ಈಗಿನ ತಿಳಿವಳಿಕೆಯನ್ನು ಬೆರೆಸಿ ಮತ್ತೆ ಕಟ್ಟಲಾಗುತ್ತದೆ. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಹಳೆಯ ಮಾತಿಗೆ ಸಾಕ್ಷಿ ಇರುತ್ತಿದ್ದುದು ಇನ್ನೊಬ್ಬರ ನೆನಪು ಮಾತ್ರ, ಅದೂ ಸವೆಯುತ್ತಿತ್ತು. ಪೋಸ್ಟ್ ಸವೆಯುವುದಿಲ್ಲ. ತಾರೀಖು, ಗಂಟೆ ಸಮೇತ ಹಾಗೇ ಎದುರು ಬರುತ್ತದೆ. "ನಾನು ಯಾವತ್ತೂ ಹಾಗೆ ಯೋಚಿಸಿದವನಲ್ಲ" ಎಂದು ಮನಸ್ಸು ತಿದ್ದಿಟ್ಟುಕೊಂಡ ಕಥೆಗೂ ಪರದೆಯ ಮೇಲಿನ ಸಾಲಿಗೂ ತಾಳೆಯಾಗದಿದ್ದಾಗ ಆಗುವ ಗಲಿಬಿಲಿಯೇ ಆ ಪ್ರಶ್ನೆ.

ಇನ್ನೂ ಒಂದು ವಿಷಯ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ, 18ರಿಂದ 68 ವಯಸ್ಸಿನ 19,000ಕ್ಕೂ ಹೆಚ್ಚು ಜನರನ್ನು ಒಳಗೊಂಡ ಅಧ್ಯಯನದಲ್ಲಿ, ಕಳೆದ ಹತ್ತು ವರ್ಷದಲ್ಲಿ ತುಂಬ ಬದಲಾಗಿದ್ದೇವೆ ಎಂದವರೂ ಮುಂದಿನ ಹತ್ತು ವರ್ಷದಲ್ಲಿ ಅಷ್ಟು ಬದಲಾಗುವುದಿಲ್ಲ ಎಂದೇ ನಂಬಿದ್ದರು. ಎಲ್ಲ ವಯಸ್ಸಿನವರಲ್ಲೂ ಇದೇ ಭ್ರಮೆ. ಆ ಮಧ್ಯಾಹ್ನ ನಗುತ್ತಿದ್ದ ನಾವೆಲ್ಲ ಟೀ ಕುಡಿದು ಹೋಗಿ ಹೊಸ ಸ್ಟೇಟಸ್ ಹಾಕಿದವರೇ.

ಎಲ್ಲ ತಪ್ಪನ್ನೂ ಹಳೆಯ 'ನಾನು'ವಿನ ತಲೆಗೆ ಕಟ್ಟುವುದೂ ಸರಿಯಲ್ಲ. ಆಗಿನ ಪೋಸ್ಟ್‌ಗಳು ಹಾಗಿರಲು ಯಂತ್ರಗಳ ಪಾಲೂ ಇದೆ. 2009ರ ನವೆಂಬರ್‌ವರೆಗೂ ಟ್ವಿಟರ್ ತನ್ನ ಬಳಕೆದಾರರನ್ನು ಕೇಳುತ್ತಿದ್ದ ಪ್ರಶ್ನೆ "ನೀವು ಏನು ಮಾಡುತ್ತಿದ್ದೀರಿ?" ಎಂಬುದು. ಇಡ್ಲಿ ತಿನ್ನುತ್ತಿದ್ದವರು ಇಡ್ಲಿ ತಿನ್ನುತ್ತಿದ್ದೇನೆ ಎಂದು ಬರೆದರೆ ಅದು ಕೇಳಿದ್ದಕ್ಕೆ ಕೊಟ್ಟ ಉತ್ತರವಷ್ಟೇ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದಕ್ಕೂ ಕಾರಣವಿದೆ. ಆಂಡ್ರಾಯ್ಡ್‌ನಲ್ಲಿ ಕನ್ನಡ ಅಕ್ಷರಗಳಿಗೆ ಬೆಂಬಲ ಸೇರಿದ್ದು 2012ರ 4.1 ಆವೃತ್ತಿಯಲ್ಲಿ. ಅದಕ್ಕೂ ಮೊದಲು ಬಹಳಷ್ಟು ಫೋನುಗಳಲ್ಲಿ ಕನ್ನಡದ ಬದಲು ಸಾಲು ಸಾಲು ಚೌಕಗಳು ಕಾಣುತ್ತಿದ್ದವು. ಕಂಪ್ಯೂಟರಿನಲ್ಲಿ ಬರಹ, ನುಡಿ ಇದ್ದರೂ ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಕೂತವರು ಅದನ್ನು ಹುಡುಕುತ್ತ ಇರುತ್ತಿರಲಿಲ್ಲ.

ಓದುವವರೂ ಬೇರೆಯವರೇ ಆಗಿದ್ದರು. ಕಾಲೇಜಿನ ಮೂವತ್ತು ಗೆಳೆಯರು ನೋಡಲಿ ಎಂದು ಹಾಕಿದ್ದನ್ನು ಇಂದು ಅತ್ತೆ, ಮ್ಯಾನೇಜರು, ಮಗಳ ಶಾಲೆಯ ಟೀಚರು ಎಲ್ಲರೂ ನೋಡಬಹುದು. ಹಾಸ್ಟೆಲ್ ರೂಮಿನಲ್ಲಿ ಆಡುವ ಮಾತನ್ನು ಯಾರೂ ಮದುವೆ ಮನೆಯ ಮೈಕಿನಲ್ಲಿ ಆಡುವುದಿಲ್ಲ. ಆದರೆ ಜಾಲತಾಣ ರೂಮು, ಮದುವೆ ಮನೆ, ಆಫೀಸು ಮೂರನ್ನೂ ಒಂದೇ ಗೋಡೆಗೆ ತರುತ್ತದೆ. ಆಲಿಸ್ ಮಾರ್ವಿಕ್ ಮತ್ತು ಡಾನಾ ಬಾಯ್ಡ್ 2011ರ ತಮ್ಮ ಪ್ರಬಂಧದಲ್ಲಿ ಚರ್ಚಿಸಿದ 'ಸಂದರ್ಭಗಳ ಕುಸಿತ' ಇದೇ. ಹಾಗೆಂದು ಕೀಳು ಜೋಕು ಹಾಸ್ಟೆಲ್ ರೂಮಿನಲ್ಲಿ ಚೆನ್ನಾಗಿತ್ತು ಎಂದಲ್ಲ. ಸಂದರ್ಭ ತಿಳಿದರೆ ಕೆಲವು ಪೋಸ್ಟ್‌ಗಳ ಮುಜುಗರ ಕಡಿಮೆಯಾಗುತ್ತದೆ, ಕೆಲವದರದು ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ಎಲ್ಲರೂ ಇದನ್ನು ನೋಡಿರುತ್ತಾರೆ ಎಂಬ ಭಯಕ್ಕೆ ಮಾತ್ರ ಅಷ್ಟು ಆಧಾರವಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ತಾಮಸ್ ಗಿಲೊವಿಚ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಮುಜುಗರ ತರುವಂಥ ಟೀ ಶರ್ಟ್ ತೊಡಿಸಿ, ಜನರಿದ್ದ ಕೋಣೆಗೆ ಕಳಿಸಿದರು. ಶರ್ಟಿನ ಮೇಲೆ ಯಾರ ಚಿತ್ರವಿದೆ ಎಂದು ಅಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಗುರುತಿಸಿರುತ್ತಾರೆ ಎಂದು ತೊಟ್ಟವರ ಅಂದಾಜು. ನಿಜವಾಗಿ ಗುರುತಿಸಿದ್ದು ಸುಮಾರು ಕಾಲು ಭಾಗ. 2000ದಲ್ಲಿ ಪ್ರಕಟವಾದ ಪ್ರಯೋಗ ಇದು.

ಇನ್ನು, ಇಂಟರ್ನೆಟ್ಟಿಗೆ ಹಾಕಿದ್ದು ಶಾಶ್ವತ ಎಂಬ ಮಾತು. ಎಚ್ಚರಿಕೆಯಾಗಿ ಇದು ಒಳ್ಳೆಯದೇ, ವಾಸ್ತವವಾಗಿ ಪೂರ್ತಿ ನಿಜವಲ್ಲ. ನಮ್ಮಲ್ಲಿ ಎಷ್ಟೋ ಜನರ ನಿಜವಾದ ಮೊದಲ ಪೋಸ್ಟ್ ಇದ್ದದ್ದು ಆರ್ಕುಟ್‌ನಲ್ಲಿ. 2004ರ ಜನವರಿಯಲ್ಲಿ ಶುರುವಾಗಿ ಭಾರತ ಮತ್ತು ಬ್ರೆಜಿಲ್‌ನಲ್ಲಿ ಮನೆಮಾತಾಗಿದ್ದ ಅದನ್ನು ಗೂಗಲ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಗಡುವಿನೊಳಗೆ ಇಳಿಸಿಟ್ಟುಕೊಳ್ಳದವರ ಸ್ಕ್ರ್ಯಾಪುಗಳು ಕೈತಪ್ಪಿದವು. ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಲೆಕ್ಕ ಹಾಕಿದಂತೆ, 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದಲ್ಲಿ ಸಿಗದಂತಾಗಿದ್ದವು. ನಿಮಗೆ ಬೇಡವಾದದ್ದು ಮಾತ್ರ ಯಾರದೋ ಫೋನಿನ ಸ್ಕ್ರೀನ್‌ಶಾಟಿನಲ್ಲಿ ಭದ್ರವಾಗಿರಬಹುದು, ಅದರ ಮೇಲೆ ನಿಮ್ಮ ಡಿಲೀಟ್ ಬಟನ್ನಿಗೆ ಅಧಿಕಾರವಿಲ್ಲ. ಉಳಿಯುವುದು ಯಾವುದು, ಅಳಿಯುವುದು ಯಾವುದು ಎಂಬುದು ನಮ್ಮ ಕೈಯಲ್ಲಿಲ್ಲ ಎನ್ನುವುದೇ ಹೆಚ್ಚು ಸರಿಯಾದ ಎಚ್ಚರಿಕೆ.

ಹಾಗಾದರೆ ಅಳಿಸಬೇಕೇ? ಪಾಸ್‌ವರ್ಡಿನ ಸುಳಿವು ಕೊಡುವ ಹುಟ್ಟಿದ ದಿನ, ಫೋನ್ ನಂಬರು, ಮನೆ ವಿಳಾಸ, ಮಕ್ಕಳ ಶಾಲೆಯ ಹೆಸರು ಇರುವ ಹಳೆಯ ಪೋಸ್ಟ್‌ಗಳನ್ನು ಯೋಚಿಸದೆ ತೆಗೆಯಬಹುದು. ಇನ್ನೊಬ್ಬರನ್ನು ನೋಯಿಸುವಂಥದ್ದನ್ನೂ ಅಷ್ಟೇ. ಬರೀ ಪೆದ್ದುಪೆದ್ದಾಗಿರುವುದನ್ನು ತೆಗೆಯುವ ಮೊದಲು ಸ್ವಲ್ಪ ನಿಲ್ಲಿ. 2014ರ ಒಂದು ಅಧ್ಯಯನದಲ್ಲಿ ಟಿಂಗ್ ಝಾಂಗ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಂದ ಆಗ ಕೇಳುತ್ತಿದ್ದ ಹಾಡು, ಇತ್ತೀಚಿನ ಒಂದು ಮಾತುಕತೆಯಂಥ ಸಾಮಾನ್ಯ ಸಂಗತಿಗಳನ್ನು ಬರೆಸಿಟ್ಟು ಮೂರು ತಿಂಗಳ ನಂತರ ತೋರಿಸಿದರು. ಮುಂಚೆ ತಾವು ಊಹಿಸಿದ್ದಕ್ಕಿಂತ ಹೆಚ್ಚು ಕುತೂಹಲದಿಂದ, ಖುಷಿಯಿಂದ ಅವರು ಅದನ್ನು ಓದಿದರು. "ಊಟ ಆಯ್ತಾ" ಪೋಸ್ಟ್ ನಮ್ಮ ಮೇಜಿನ ಸುತ್ತ ಅರ್ಧ ಗಂಟೆ ನಡೆದದ್ದೂ ಹಾಗೇ.

ಅಳಿಸದೆ ಮರೆಮಾಡುವ ದಾರಿಗಳೂ ಇವೆ. ಫೇಸ್‌ಬುಕ್‌ನ ಪ್ರೈವೆಸಿ ಸೆಟ್ಟಿಂಗ್ಸ್‌ನಲ್ಲಿ ಹಳೆಯ ಸಾರ್ವಜನಿಕ ಪೋಸ್ಟ್‌ಗಳನ್ನೆಲ್ಲ ಒಂದೇ ಸಲಕ್ಕೆ ಗೆಳೆಯರಿಗೆ ಮಾತ್ರ ಸೀಮಿತಗೊಳಿಸಬಹುದು. ಆಕ್ಟಿವಿಟಿ ಲಾಗ್‌ಗೆ ಹೋಗಿ ಪೋಸ್ಟನ್ನು ಆರ್ಕೈವ್‌ಗೆ ಹಾಕಿದರೆ ಅದು ನಿಮಗೆ ಮಾತ್ರ ಕಾಣುತ್ತದೆ. ಟ್ರ್ಯಾಶ್‌ಗೆ ಹಾಕಿದರೆ 30 ದಿನಗಳ ನಂತರ ಹೋಗುತ್ತದೆ, ಅಷ್ಟರೊಳಗೆ ಮನಸ್ಸು ಬದಲಾದರೆ ವಾಪಸ್ ತರಬಹುದು. ಎಲ್ಲಕ್ಕೂ ಮೊದಲು ನಿಮ್ಮ ಮಾಹಿತಿಯ ಒಂದು ಪ್ರತಿಯನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಮರೆಯಬಾರದ್ದು ಇಷ್ಟು: ಪೋಸ್ಟ್ ಅಳಿಸಿದರೆ ಅದರ ಕೆಳಗೆ ಬೇರೆಯವರು ಬರೆದದ್ದೂ ಅದರ ಜೊತೆಗೇ ಹೋಗುತ್ತದೆ.

ತಂದೆಯ ಕಾಮೆಂಟ್ ಕಂಡ ನಮ್ಮ ಸಹೋದ್ಯೋಗಿ ಆ ಫೋಟೊವನ್ನು 'ಓನ್ಲಿ ಮಿ' ಮಾಡಿದರು. ಕಾಮೆಂಟಿನ ಸ್ಕ್ರೀನ್‌ಶಾಟ್ ತೆಗೆದು ಅಮ್ಮನಿಗೆ ಕಳಿಸಿ, ಫೋನ್ ಮಾಡಲು ಕಾರಿಡಾರಿಗೆ ಹೋದರು.