ವಿಗ್ ಸಲೂನಿಗೆ ಸಾಫ್ಟ್‌ವೇರು: ಆರಿಸಬೇಕಾದವರು ಯಾರು?

ಮುಂಬಯಿಯ ವಿಗ್ ಸಲೂನುಗಳಲ್ಲಿ ಈಚೆಗೆ ಒಂದು ಮಾತು ಬಹಳ ಕೇಳಿಬರುತ್ತಿದೆ. ಗಿರಾಕಿ ಇನ್ನೂ ಅರ್ಧ ತಾಸು ಬೇಕೆಂದರೆ, “ಸಾಫ್ಟ್‌ವೇರಿನಲ್ಲಿ ಹಾಗೆ ಬರುವುದಿಲ್ಲ.” ಕೆಲಸಗಾರ ತನ್ನ ಕಮಿಶನ್ನಿನ ಲೆಕ್ಕ ತಪ್ಪಿದೆಯೆಂದರೆ, “ಸಾಫ್ಟ್‌ವೇರು ಹಾಗೆಯೇ ತೋರಿಸುತ್ತದೆ.” ಊಟದ ಬಿಡುವು ಎಲ್ಲಿ ಹೋಯಿತೆಂದು ಕೇಳಿದರೂ ಅದೇ ಉತ್ತರ. ಮೊದಲು ಮಾಲಿಕರು ತಾವೇ ಇಲ್ಲವೆನ್ನುತ್ತಿದ್ದರು. ಈಗ ಇಲ್ಲವೆನ್ನುವ ಕೆಲಸವನ್ನು ಯಂತ್ರಕ್ಕೆ ವಹಿಸಿ ತಾವು ಒಳ್ಳೆಯವರಾಗಿ ಕುಳಿತಿದ್ದಾರೆ.

ಬಾಂಧವರೆ, ನಾವು ಕೇಳಬೇಕಾದ ಪ್ರಶ್ನೆ ಒಂದೇ. ಆ ಸಾಫ್ಟ್‌ವೇರನ್ನು ಆರಿಸಿದವರು ಯಾರು? ಯಾರನ್ನು ಕೇಳಿ ಆರಿಸಿದರು?

ಉತ್ತರ ನಮಗೆಲ್ಲ ಗೊತ್ತಿದ್ದದ್ದೇ. ಮಾರುವವನು ಲ್ಯಾಪ್‌ಟಾಪು ಹಿಡಿದು ಬರುತ್ತಾನೆ. ಸೇಠರ ಕೋಣೆಯಲ್ಲಿ ಅರ್ಧ ತಾಸು ಬಣ್ಣಬಣ್ಣದ ಕ್ಯಾಲೆಂಡರು ತೋರಿಸುತ್ತಾನೆ. ಒಂದು ವರ್ಷದ ಬಾಡಿಗೆಗೆ ಸಹಿ ಬೀಳುತ್ತದೆ. ಮರುದಿನ ಬೆಳಿಗ್ಗೆ ನಾವು ಬರುವ ಹೊತ್ತಿಗೆ ಗಲ್ಲೆಯ ಮೇಜಿನ ಮೇಲಿದ್ದ ಹಳೆಯ ಡೈರಿ ಕಪಾಟು ಸೇರಿರುತ್ತದೆ. ಆ ಡೈರಿಯನ್ನು ದಿನಕ್ಕೆ ಇಪ್ಪತ್ತು ಸಲ ತೆರೆದು ನೋಡುತ್ತಿದ್ದವರು ನಾವು. ನಮ್ಮನ್ನು ಮಾತ್ರ ಯಾರೂ ಕೇಳುವುದಿಲ್ಲ.

ನಾವು ಯಂತ್ರದ ವೈರಿಗಳಲ್ಲ. ಒಂದೇ ಹೊತ್ತಿಗೆ ಇಬ್ಬರು ಗಿರಾಕಿಗಳ ಹೆಸರು ಬರೆದು ಜಗಳವಾದದ್ದು, ಮುಂಗಡದ ಚೀಟಿ ಕಳೆದು ನಮ್ಮ ಸಂಬಳಕ್ಕೆ ಕತ್ತರಿ ಬಿದ್ದದ್ದು ಆ ಡೈರಿಯ ಕಾಲದಲ್ಲಿಯೇ. ಒಳ್ಳೆಯ ಸಾಫ್ಟ್‌ವೇರು ಬಂದರೆ ನಮಗೇ ಲಾಭ. ನಮ್ಮ ತಕರಾರು ಕೆಟ್ಟ ಆಯ್ಕೆಯ ಮೇಲೆ.

ಪೇಟೆಯಲ್ಲಿ ಸಿಕ್ಕುವ ಬಹುಪಾಲು ಸಲೂನ್ ಸಾಫ್ಟ್‌ವೇರು ಕ್ಷೌರಕ್ಕಾಗಿ ಹುಟ್ಟಿದ್ದು. ಒಂದು ತಲೆ, ಒಂದು ಕುರ್ಚಿ, ಅರ್ಧ ತಾಸು, ಒಂದು ಬಿಲ್ಲು. ಅದರ ಲೋಕ ಇಷ್ಟೇ. ವಿಗ್ಗಿನ ಕೆಲಸ ಹಾಗಲ್ಲ. ಮೊದಲ ದಿನ ಮಾತುಕತೆ, ತಲೆಯ ಅಳತೆ, ಬಣ್ಣದ ಹೋಲಿಕೆ. ಆಮೇಲೆ ಆರ್ಡರು, ವಾರಗಟ್ಟಲೆ ಕಾಯುವಿಕೆ. ಸರಕು ಬಂದ ಮೇಲೆ ತಲೆಗೆ ಕೂಡಿಸಿ ಮುಖಕ್ಕೆ ತಕ್ಕಂತೆ ಕತ್ತರಿಸುವುದು. ಅಂಟಿಸಿದ ಪ್ಯಾಚಾದರೆ ಕೆಲವು ವಾರಕ್ಕೊಮ್ಮೆ ಬಿಚ್ಚಿ, ತೊಳೆದು, ಮತ್ತೆ ಅಂಟಿಸುವುದು. ಇದಕ್ಕೆಲ್ಲ ಕೆಲಸಗಾರನ ಸಮಯವೊಂದೇ ಸಾಲದು. ಪರದೆ ಹಾಕಿದ ಕೋಣೆಯೂ ಅದೇ ಹೊತ್ತಿಗೆ ಖಾಲಿಯಿರಬೇಕು. ಕೋಣೆಯನ್ನೂ ಕೆಲಸಗಾರನನ್ನೂ ಒಟ್ಟಿಗೆ ಕಾದಿರಿಸಲು ಬಾರದ ಸಾಫ್ಟ್‌ವೇರಿನಿಂದ ಮೂವರು ಗಿರಾಕಿಗಳು ಒಂದು ಕೋಣೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಅವರ ಬೈಗುಳ ಕೇಳುವವರು ನಾವು.

ಸರಕಿನ ಲೆಕ್ಕವನ್ನೂ ನೋಡಿ. ಶಾಂಪೂ ಬಾಟಲಿ ಹತ್ತಿದ್ದರೆ ಹತ್ತೂ ಒಂದೇ. ವಿಗ್ಗು ಹಾಗೆಯೆ? ತಿರುಮಲೆಯಲ್ಲಿ ಮುಡಿ ಕೊಟ್ಟ ಕೂದಲು ಹರಾಜಾಗಿ ಹೊರಡುತ್ತದೆ. ನಮ್ಮ ಕೊಪ್ಪಳದ ಭಾಗ್ಯನಗರದಲ್ಲಿ ಹೆಂಗಸರು ಕೂತು ಗಂಟುಗಟ್ಟಿದ ಕೂದಲನ್ನು ಎಳೆಯೆಳೆಯಾಗಿ ಬಿಡಿಸುತ್ತಾರೆ. ಅಂಥ ಕೈಕೆಲಸದಿಂದ ಬಂದ ಸರಕಿನಲ್ಲಿ ಒಂದರಂತೆ ಇನ್ನೊಂದಿಲ್ಲ. ತಳದ ಬಲೆ, ಅಳತೆ, ಉದ್ದ, ಬಣ್ಣ, ದಟ್ಟಣೆ ಎಲ್ಲವನ್ನೂ ಒಂದೊಂದು ವಿಗ್ಗಿಗೂ ನಂಬರು ಕೊಟ್ಟು ಬರೆದಿಡಬೇಕು. ಅದಾಗದಿದ್ದರೆ ಒಬ್ಬರ ಅಳತೆಯದು ಇನ್ನೊಬ್ಬರ ತಲೆಗೆ ಹೋಗುತ್ತದೆ; ನಷ್ಟ ಯಾರ ಹೆಸರಿಗೆ ಬೀಳುತ್ತದೆಂದು ಹೇಳಬೇಕಾಗಿಲ್ಲ. ಬಿಲ್ಲಿನಲ್ಲಿಯೂ ಅಷ್ಟೇ. ಜಿಎಸ್‌ಟಿಯಲ್ಲಿ ವಿಗ್ಗು ಸರಕು, ಅದರ ಸಂಕೇತ 6704. ಕೂದಲ ಕೆಲಸ ಸೇವೆ, ಅದರ ಸಂಕೇತವೇ ಬೇರೆ. ಎರಡನ್ನೂ ಬೇರೆ ಸಾಲಿನಲ್ಲಿ ಬರೆಯದ, ಮುಂಗಡವನ್ನೂ ಬಾಕಿಯನ್ನೂ ಕೂಡಿಸಿ ತೋರಿಸದ ಬಿಲ್ಲು ಯಾರಿಗೆ ಬೇಕು? ಲೆಕ್ಕದವರು ಟ್ಯಾಲಿಯಲ್ಲಿ ಬರೆಯುವವರಾದರೆ, ಅಲ್ಲಿಗೆ ಬಿಲ್ಲು ಹೋಗದ ಸಾಫ್ಟ್‌ವೇರಿನಿಂದ ಗಲ್ಲೆಯ ಹುಡುಗ ರಾತ್ರಿ ಕೂತು ಎರಡೆರಡು ಸಲ ಬರೆಯುತ್ತಾನೆ. ಆ ರಾತ್ರಿಗೆ ಓವರ್‌ಟೈಮು ಯಾರೂ ಕೊಡುವುದಿಲ್ಲ.

ಇನ್ನು ಕಮಿಶನ್ನು. ನನ್ನ ಜೊತೆ ದುಡಿಯುವ ಅಕ್ಕ ಒಬ್ಬರು ಒಬ್ಬ ಗಿರಾಕಿಯ ಅಳತೆ ತೆಗೆದು, ಎರಡು ತಾಸು ಧೈರ್ಯ ಹೇಳಿ, ಆರ್ಡರು ಬರೆಸಿದರು. ಸರಕು ಬಂದ ದಿನ ಅವರಿಗೆ ರಜೆ. ಬೇರೆಯವರು ಕೈಗೆ ಕೊಟ್ಟು ಬಿಲ್ಲಿನ ಗುಂಡಿ ಒತ್ತಿದರು. ಮಾರಾಟವೆಲ್ಲ ಗುಂಡಿ ಒತ್ತಿದವರ ಹೆಸರಿಗೆ ಹೋಯಿತು! ತಿಂಗಳ ಕೊನೆಗೆ ಪರದೆಯ ಮೇಲೆ ಅಕ್ಕನ ಹೆಸರು ಎಲ್ಲರಿಗಿಂತ ಕೆಳಗೆ. ಇಬ್ಬರು ಜಗಳವಾಡಿದರು, ಮಾತೂ ಬಿಟ್ಟರು. ಇದು ಇಬ್ಬರ ತಪ್ಪೂ ಅಲ್ಲ. ಒಂದು ಮಾರಾಟವನ್ನು ಇಬ್ಬರಿಗೆ ಹಂಚಲು ಬಾರದ ಸಾಫ್ಟ್‌ವೇರನ್ನು ಕೊಂಡವರ ತಪ್ಪು.

ಎಲ್ಲಕ್ಕಿಂತ ದೊಡ್ಡ ಮಾತು ಗಿರಾಕಿಯದು. ನಮ್ಮಲ್ಲಿಗೆ ಬರುವವರೆಲ್ಲ ಚೆಂದಕ್ಕಾಗಿ ಬರುವವರಲ್ಲ. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ನಮ್ಮ ನಾಡಿನಿಂದಲೂ ರೋಗಿಗಳು ಬರುತ್ತಾರೆ. ಕೂದಲು ಉದುರಿಸುವ ಕೀಮೋ ಔಷಧಿಯಾದರೆ ಮೊದಲ ಸಲ ಕೊಟ್ಟ ಎರಡು ಮೂರು ವಾರದಲ್ಲಿ ಉದುರತೊಡಗುತ್ತದೆ. ಅವರಿಗೆ ಬೇಕಾದ ದಿನ ಮುಂದಿನ ತಿಂಗಳಲ್ಲ, ಈ ವಾರ. ಬರುವೆನೆಂದ ಬೆಳಿಗ್ಗೆ ಜ್ವರ ಬಂದು ಏಳಲಾಗದೆ ಹೋಗಬಹುದು. ಅಂಥವರಿಗೆ ಯಂತ್ರ ತಾನಾಗಿ ಗೈರುಹಾಜರಿಯ ದಂಡ ಹಾಕಿ ಮುಂಗಡದಲ್ಲಿ ಮುರಿದುಕೊಳ್ಳಬಹುದೆ? ದಂಡವನ್ನು ಕೈಯಿಂದ ತೆಗೆಯುವ ಅಧಿಕಾರ ಎದುರು ನಿಂತ ಕೆಲಸಗಾರನಿಗೆ ಇರಲೇಬೇಕು. ಮತ್ತೆ ಆ ನೆನಪಿನ ಎಸ್‌ಎಂಎಸ್. “ನಿಮ್ಮ ವಿಗ್ ಸಿದ್ಧವಾಗಿದೆ” ಎಂಬ ಒಂದು ಸಾಲು ಮನೆಯ ಬೇರೆಯವರ ಕಣ್ಣಿಗೆ ಬಿದ್ದರೆ, ಯಾರಿಗೂ ಹೇಳದೆ ಇಟ್ಟ ಗುಟ್ಟು ರಟ್ಟಾಯಿತು. ವಾಣಿಜ್ಯ ಸಂದೇಶದ ಒಕ್ಕಣೆಯನ್ನು ಮೊದಲೇ ನೋಂದಾಯಿಸಬೇಕೆಂದು ಟ್ರಾಯ್‌ನ 2018ರ ನಿಯಮಗಳು ಹೇಳುತ್ತವೆ. ನೋಂದಾಯಿಸುವ ದಿನವೇ ‘ವಿಗ್’ ಎಂಬ ಮಾತು ಬಿಟ್ಟು ಬರೆಯಲು ಏನು ಕಷ್ಟ? ಬೋಳುತಲೆಯ ಫೋಟೋ, ರೋಗದ ವಿವರ ಇವನ್ನು ಯಾರು ಯಾರು ತೆರೆದು ನೋಡಬಹುದೆಂಬುದಕ್ಕೂ ಬೀಗ ಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶದ ಕಾಯಿದೆ 2023ರಲ್ಲಿಯೇ ಆಗಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದಿವೆ. ಆದರೆ ಕಾಯಿದೆ ಹೇಳಿದ ಮೇಲೆಯೇ ಮಾನ ಕಾಯಬೇಕೆ?

ಮಾಲಿಕರು ಹೇಳುವ ಮಾತು ಎರಡು. “ದುಡ್ಡು ನನ್ನದು” ಎನ್ನುತ್ತಾರೆ. ಹೌದು, ಬಾಡಿಗೆ ಅವರದು. ಆದರೆ ತಪ್ಪಿದ ಕಮಿಶನ್ನು, ನುಂಗಿದ ಊಟದ ಹೊತ್ತು, ಕೇಳಿದ ಬೈಗುಳ ನಮ್ಮವು. 2017ರ ಮಹಾರಾಷ್ಟ್ರ ಅಂಗಡಿ ಕಾಯಿದೆಯ ಮುಖ್ಯ ಕಲಮುಗಳು ಕೆಲವೇ ಜನರಿರುವ ಸಣ್ಣ ಅಂಗಡಿಗೆ ಅನ್ವಯಿಸುವುದೇ ಇಲ್ಲ. ಅಲ್ಲಿ ದುಡಿಯುವವನಿಗೆ ಆ ಕ್ಯಾಲೆಂಡರೇ ಕಾನೂನು. ಅದರಲ್ಲಿ ಊಟದ ಮುಕ್ಕಾಲು ತಾಸು ಮುಚ್ಚಿರದಿದ್ದರೆ ಊಟವೇ ಇಲ್ಲ. ಇನ್ನೊಂದು ಮಾತು, “ಇವರಿಗೇನು ಕಂಪ್ಯೂಟರು ಗೊತ್ತು?” ಎಂಬುದು. ಕಂಪ್ಯೂಟರು ಕಟ್ಟಲು ನಮ್ಮನ್ನು ಯಾರು ಕರೆದರು? ಕೆಲಸ ನಮಗೆ ಗೊತ್ತು. ಅದಕ್ಕೆ ಸಾಫ್ಟ್‌ವೇರು ಒಗ್ಗುವುದೋ ಇಲ್ಲವೋ ಎಂಬುದನ್ನು ನಾವಲ್ಲದೆ ಯಾರು ಹೇಳಬಲ್ಲರು?

ಆದ್ದರಿಂದ ನಮ್ಮ ಬೇಡಿಕೆ ಇದು. ಸಹಿ ಹಾಕುವ ಮೊದಲು ಹಳೆಯ ಡೈರಿಯಿಂದ ಅತಿ ಗದ್ದಲದ ಒಂದು ವಾರವನ್ನು ತೆಗೆದು, ಹೆಸರುಗಳನ್ನು ಬದಲಾಯಿಸಿ, ಹೊಸ ಸಾಫ್ಟ್‌ವೇರಿನಲ್ಲಿ ಕೆಲಸಗಾರರ ಕೈಯಿಂದಲೇ ಬರೆಸಿ ನೋಡಬೇಕು. ಕೋಣೆ ಕೂಡಿ ಬಂತೆ? ಆರ್ಡರು, ಮುಂಗಡ, ಬಾಕಿ ಒಂದೇ ಗಿರಾಕಿಯ ಹೆಸರಲ್ಲಿ ನಿಂತವೆ? ಕಮಿಶನ್ನು ಹಂಚಿತೆ? ಊಟದ ಹೊತ್ತು ಉಳಿಯಿತೆ? ಇಂಟರ್‌ನೆಟ್ಟು ಹೋದ ಮಧ್ಯಾಹ್ನ ಏನು ಗತಿ? ನಾಳೆ ಈ ಕಂಪನಿಯನ್ನು ಬಿಟ್ಟರೆ ನಮ್ಮ ಗಿರಾಕಿಗಳ ಅಳತೆಗಳು ನಮ್ಮ ಕೈಗೆ ಮರಳಿ ಬರುತ್ತವೆಯೆ? ಇಷ್ಟಕ್ಕೆ ಹೌದೆನ್ನುವ ಸಾಫ್ಟ್‌ವೇರು ಸಿಕ್ಕರೆ ಕೊಳ್ಳಲಿ, ನಾವೇ ಮೊದಲು ಕಲಿಯುತ್ತೇವೆ. ಸಿಕ್ಕದಿದ್ದರೆ ಎರಡು ಕುರ್ಚಿಯ ಅಂಗಡಿಗೆ ಡೈರಿಯೊಂದು, ಬಿಲ್ಲಿಗೆ ಸಣ್ಣ ಪ್ರೋಗ್ರಾಮೊಂದು ಸಾಕು. ಅದರಲ್ಲಿ ನಾಚಿಕೆಯೇನಿಲ್ಲ.

ನಮ್ಮಲ್ಲೂ ತಪ್ಪಿದೆ. ಯಂತ್ರ ಬಂದ ಮೇಲೆ ಚಹದ ಅಂಗಡಿಯಲ್ಲಿ ಗೊಣಗುತ್ತೇವೆ. ಬರುವ ಮೊದಲು ಬಾಯಿ ತೆರೆಯುವುದಿಲ್ಲ. ನಿಮ್ಮ ಸಲೂನಿಗೆ ಮಾರುವವನು ಬಂದನೆಂದು ತಿಳಿದ ದಿನವೇ ಇಬ್ಬರು ಮೂವರು ಕೂಡಿ ಸೇಠರ ಮುಂದೆ ನಿಂತು, “ಒಂದು ವಾರ ನಮ್ಮ ಕೈಗೆ ಕೊಟ್ಟು ನೋಡಿ” ಎಂದು ಕೇಳಿರಿ. ಒಬ್ಬರೇ ಹೋಗಬೇಡಿ. ಒಬ್ಬರ ಮಾತಿಗೆ ಸಾಫ್ಟ್‌ವೇರಿನಲ್ಲಿ ಜಾಗವಿಲ್ಲವೆನ್ನುವವರು ಮೂವರ ಮಾತಿಗೆ ಜಾಗ ಮಾಡಿಯೇ ಮಾಡುತ್ತಾರೆ.